ಮಂಡಿ ಬಂಡಿಯ ಕೀಲಲ್ಲ

ನಮ್ಮ ಅಮ್ಮನಿಗೆ 63ನೆಯ ವಯಸ್ಸಿನಲ್ಲಿ ಬಲ ಮಂಡಿ ನೋಯಲು ಶುರುವಾದಾಗ ವೈದ್ಯರೊಬ್ಬರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ಹೇಳಿದ್ದು ಇಷ್ಟೇ: "ಅಮ್ಮಾ, ಮಂಡಿ ಸವೆದಿದೆ, ಗ್ಯಾಪ್ ಕಮ್ಮಿಯಾಗಿದೆ. ಇನ್ನು ನಡೆದಾಡೋದು ಆದಷ್ಟು ಕಡಿಮೆ ಮಾಡಿ." ಅಮ್ಮ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಬೆಳಿಗ್ಗೆ ದೇವಸ್ಥಾನದವರೆಗೆ ಹೋಗಿ ಬರುವುದು ನಿಂತಿತು, ಬಟ್ಟೆ ಒಣಹಾಕಲು ಮಹಡಿ ಹತ್ತುವುದು ನಿಂತಿತು, ಕೊನೆಗೆ ಪಕ್ಕದ ಬೀದಿಯ ತಂಗಿಯ ಮನೆಗೂ ಆಟೊ ಬೇಕಾಯಿತು. ಎಂಟು ತಿಂಗಳು ಕಳೆದ ಮೇಲೆ ನೋವು ಇದ್ದ ಹಾಗೆಯೇ ಇತ್ತು. ತೊಡೆ ಮಾತ್ರ ಕಣ್ಣಿಗೆ ಕಾಣುವಷ್ಟು ಸೊರಗಿತ್ತು, ತೂಕ 6 ಕೆಜಿ ಏರಿತ್ತು, ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕಾಗಿತ್ತು.

ಅವರನ್ನು ಆ ಸ್ಥಿತಿಗೆ ತಂದದ್ದರಲ್ಲಿ ಕಾಯಿಲೆಯ ಪಾಲು ಎಷ್ಟಿತ್ತೋ 'ಸವೆತ' ಎಂಬ ಒಂದು ಪದದ ಪಾಲೂ ಅಷ್ಟೇ ಇತ್ತು ಎಂದು ನಾನು ನಂಬುತ್ತೇನೆ. ಕನ್ನಡದಲ್ಲಿ ಬಾಗಿಲಿಗೂ ಕೀಲು, ಬಂಡಿಯ ಗಾಲಿಗೂ ಕೀಲು, ದೇಹದ ಮೂಳೆಗಳು ಕೂಡುವ ಜಾಗಕ್ಕೂ ಕೀಲು. ಗಾಲಿ ತಿರುಗಿದಷ್ಟೂ ಕೀಲು ಸವೆಯುತ್ತದೆ, ಕೀಲೆಣ್ಣೆ ಒಣಗಿದರೆ ಕಿರುಗುಟ್ಟುತ್ತದೆ, ಸವೆದ ಕೀಲನ್ನು ಕಿತ್ತು ಹೊಸದನ್ನು ಹಾಕಬೇಕಾಗುತ್ತದೆ. ಈ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ 'ಮಂಡಿಯ ಗ್ರೀಸ್ ಮುಗಿದಿದೆ' ಎಂಬ ಮಾತನ್ನು ರೋಗಿಗಳಷ್ಟೇ ಸಲೀಸಾಗಿ ಕೆಲವು ವೈದ್ಯರೂ ಆಡುತ್ತಾರೆ. ಆ ಮಾತಿನಿಂದ ಹೊರಡುವ ತೀರ್ಮಾನಗಳು ಮೂರು: ಬಳಸಬೇಡ, ಗ್ರೀಸ್ ತುಂಬಿಸು, ಆಗದಿದ್ದರೆ ಬದಲಾಯಿಸು. ಮೂರಕ್ಕೂ ಇವತ್ತು ದೊಡ್ಡ ಮಾರುಕಟ್ಟೆಯಿದೆ. ಆದರೆ ದೇಹದ ಕೀಲು ಕೆಲಸ ಮಾಡುವ ಬಗೆಯೇ ಬೇರೆ.

ಅದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಕುರಿ ಮಾಂಸದ ಅಂಗಡಿಯಲ್ಲಿ ಆಗತಾನೇ ಕಡಿದ ಕಾಲಿನ ಗಂಟನ್ನು ಗಮನಿಸಬಹುದು. ಎರಡು ಮೂಳೆಗಳು ಕೂಡುವಲ್ಲಿ ಅವುಗಳ ತುದಿಗೆ ನಸುನೀಲಿ ಬೆರೆತ ಬಿಳಿ ಬಣ್ಣದ, ಪಿಂಗಾಣಿಯಂತೆ ಹೊಳೆಯುವ ಹೊದಿಕೆಯಿರುತ್ತದೆ. ಬೆರಳಿಟ್ಟರೆ ಜಾರುತ್ತದೆ, ಉಗುರಿನಿಂದ ಒತ್ತಿದರೆ ತುಸುವೇ ತಗ್ಗಿ ಮತ್ತೆ ಮೇಲೇಳುತ್ತದೆ. ಅದೇ ಮೃದ್ವಸ್ಥಿ. ಮನುಷ್ಯನ ಹೆಚ್ಚಿನ ಕೀಲುಗಳಲ್ಲಿ ಅದರ ದಪ್ಪ 2ರಿಂದ 4 ಮಿಲಿಮೀಟರ್. ಮಂಡಿಚಿಪ್ಪಿನ ಹಿಂಬದಿಯಲ್ಲಿ ಇನ್ನೂ ಹೆಚ್ಚು. ಅದರ ಮುಕ್ಕಾಲು ಭಾಗದಷ್ಟು ಬರೀ ನೀರು. ಉಳಿದದ್ದು ಕೊಲಾಜೆನ್ ಎಂಬ ಬಿಗಿಯಾದ ನೂಲಿನ ಬಲೆ ಮತ್ತು ಆ ಬಲೆಯೊಳಗೆ ಸಿಕ್ಕಿಕೊಂಡು ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು. ಇವನ್ನೆಲ್ಲ ಕಟ್ಟಿ ನೋಡಿಕೊಳ್ಳುವ ಜೀವಕೋಶಗಳು ಒಟ್ಟು ಗಾತ್ರದ ನೂರರಲ್ಲಿ ಕೆಲವೇ ಪಾಲು, ಅಲ್ಲೊಂದು ಇಲ್ಲೊಂದು ಒಂಟಿಮನೆಗಳ ಹಾಗೆ ಚದುರಿಕೊಂಡಿರುತ್ತವೆ.

ಈ ಹೊದಿಕೆಯಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತನಾಳವಿಲ್ಲವೆಂದ ಮೇಲೆ ಆ ಒಂಟಿ ಜೀವಕೋಶಗಳಿಗೆ ಆಹಾರ ಎಲ್ಲಿಂದ ಬರಬೇಕು? ಕೀಲಿನ ಸುತ್ತ ಚೀಲದಂತಿರುವ ಪೊರೆ ಒಸರುವ ಸೈನೋವಿಯಲ್ ದ್ರವದಿಂದ. ಆರೋಗ್ಯವಂತ ಮಂಡಿಯಲ್ಲಿ ಈ ದ್ರವ ಒಂದು ಟೀ ಚಮಚದಷ್ಟೂ ಇರುವುದಿಲ್ಲ. ಮೊಟ್ಟೆಯ ಬಿಳಿಯಂತೆ ಅಂಟಂಟಾಗಿರುತ್ತದೆ. ನಾವು ಹೆಜ್ಜೆಯಿಟ್ಟಾಗ ಭಾರಕ್ಕೆ ಮೃದ್ವಸ್ಥಿ ಹಿಂಡಿಕೊಂಡು ಒಳಗಿನ ನೀರು ಹೊರಬರುತ್ತದೆ, ಹೆಜ್ಜೆಯೆತ್ತಿದಾಗ ಸ್ಪಂಜಿನಂತೆ ಮತ್ತೆ ಹೀರಿಕೊಳ್ಳುತ್ತದೆ. ಈ ಹಿಂಡುವಿಕೆ, ಹೀರುವಿಕೆಯ ಜೊತೆಯಲ್ಲೇ ಪೋಷಕಾಂಶ ಒಳಗೆ ಹೋಗಿ ಕಶ್ಮಲ ಹೊರಗೆ ಬರುತ್ತದೆ. ಅಂದರೆ ಹಿತಮಿತವಾದ ಭಾರ ಮೃದ್ವಸ್ಥಿಯ ಶತ್ರುವಲ್ಲ, ಅದರ ಊಟದ ದಾರಿ. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲು ಅಲುಗಿಸಲಾಗದವರಲ್ಲಿ, ಒಂದು ಹೆಜ್ಜೆಯನ್ನೂ ಇಡದಿದ್ದರೂ, ಮಂಡಿಯ ಮೃದ್ವಸ್ಥಿ ತೆಳುವಾಗುತ್ತಾ ಹೋಗುವುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಬಂಡಿಯ ಕೀಲು ಕೊಟ್ಟಿಗೆಯಲ್ಲಿ ನಿಂತರೆ ಸವೆಯುವುದಿಲ್ಲ. ಮನುಷ್ಯನ ಕೀಲು ನಿಂತರೇ ಕ್ಷೀಣಿಸುತ್ತದೆ.

ನರವಿಲ್ಲ ಎಂಬುದಕ್ಕೂ ಅಷ್ಟೇ ಮಹತ್ವವಿದೆ. ಮೃದ್ವಸ್ಥಿಗೆ ನೋವೇ ಗೊತ್ತಿಲ್ಲವಾದ್ದರಿಂದ ಅದು ತೆಳುವಾದದ್ದೇ ನೋವಿಗೆ ಕಾರಣವೆಂದು ನೇರವಾಗಿ ಹೇಳಲು ಬರುವುದಿಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಊದಿಕೊಂಡ ಪೊರೆಯಿಂದ, ಮೂಳೆಗೆ ಮೂಳೆಯನ್ನು ಬಿಗಿಯುವ, ಎಳೆತಕ್ಕೆ ಸಿಕ್ಕ ಅಸ್ಥಿರಜ್ಜುಗಳಿಂದ, ದಣಿದ ಸ್ನಾಯುಗಳಿಂದ. ಎಕ್ಸ್‌ರೇಯಲ್ಲಿ ತೋರಿಸುವ 'ಗ್ಯಾಪ್' ಕೂಡ ಖಾಲಿ ಜಾಗವಲ್ಲ. ಮೃದ್ವಸ್ಥಿ ಎಕ್ಸ್‌ರೇಗೆ ಕಾಣಿಸುವುದಿಲ್ಲ, ಹಾಗಾಗಿ ಅದಿರುವ ಜಾಗ ಖಾಲಿಯಾಗಿ ತೋರುತ್ತದೆ. ಅದು ತೆಳುವಾದರೆ ಎರಡು ಮೂಳೆಗಳ ನಡುವಿನ ಅಂತರ ಕಿರಿದಾಗಿ ಕಾಣುತ್ತದೆ. ಆ ಅಂತರವನ್ನು ಸರಿಯಾಗಿ ಅಳೆಯಬೇಕಾದರೆ ರೋಗಿ ನಿಂತುಕೊಂಡು, ಕಾಲಿನ ಮೇಲೆ ಭಾರ ಬಿಟ್ಟು, ಚಿತ್ರ ತೆಗೆಸಿಕೊಳ್ಳಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಚಿತ್ರಕ್ಕೂ ನೋವಿಗೂ ತಾಳೆಯಾಗದಿರುವುದು ತೀರಾ ಸಾಮಾನ್ಯ. ಫಿಲ್ಮಿನಲ್ಲಿ ಕೆಟ್ಟುಹೋದಂತೆ ಕಾಣುವ ಮಂಡಿಯಲ್ಲಿ ಬೆಟ್ಟ ಹತ್ತುವವರಿದ್ದಾರೆ, ಚೆನ್ನಾಗಿ ಕಾಣುವ ಮಂಡಿಯಲ್ಲಿ ರಾತ್ರಿಯಿಡೀ ನರಳುವವರೂ ಇದ್ದಾರೆ. ನೋಡಬೇಕಾದದ್ದು ಫಿಲ್ಮನ್ನು ಮಾತ್ರವಲ್ಲ, ಎದುರಿಗಿರುವ ಮನುಷ್ಯ ಏನು ಮಾಡಬಲ್ಲ, ಏನು ಮಾಡಲಾರ ಎಂಬುದನ್ನು.

ಮೂಳೆಗಳು ಕೂಡುವ ಎಲ್ಲ ಜಾಗಗಳೂ ಹೀಗೆಯೇ ಇರುವುದಿಲ್ಲ. ತಲೆಬುರುಡೆಯ ಮೂಳೆಗಳು ನಾರಿನಿಂದ ಹೊಲಿದಂತೆ ಬೆಸೆದುಕೊಂಡಿವೆ, ಬೆನ್ನೆಲುಬಿನ ಮಣಿಗಳ ನಡುವೆ ಡಿಸ್ಕ್‌ಗಳಿವೆ. ಓಡಾಟಕ್ಕೆ, ಎತ್ತಲು, ಹಿಡಿಯಲು ನೆರವಾಗುವವು ದ್ರವವಿರುವ ಕೀಲುಗಳು: ಎಲ್ಲ ದಿಕ್ಕಿಗೂ ತಿರುಗುವ ಭುಜ ಮತ್ತು ಸೊಂಟ, ಬಾಗಿಲಿನಂತೆ ಮಡಚುವ ಮೊಣಕೈ, ಹೆಬ್ಬೆರಳಿನ ಬುಡದ ಜೀನಿನಾಕಾರದ ಕೀಲು. ಇವುಗಳಲ್ಲಿ ದೊಡ್ಡದು ಮತ್ತು ಹೆಚ್ಚು ಕಷ್ಟಕ್ಕೆ ಸಿಗುವುದು ಮಂಡಿ. ಮೇಲೆ ತೊಡೆಮೂಳೆಯ ಎರಡು ಉಬ್ಬುಗಳು, ಕೆಳಗೆ ಕಾಲಿನ ಮೂಳೆಯ ಹೆಚ್ಚುಕಡಿಮೆ ಚಪ್ಪಟೆಯಾದ ನೆತ್ತಿ. ಉರುಟಾದದ್ದನ್ನು ಚಪ್ಪಟೆಯಾದುದರ ಮೇಲೆ ನಿಲ್ಲಿಸಿದರೆ ಜಾರಲೇಬೇಕು. ಜಾರದಂತೆ ತಡೆಯಲು ನಡುವೆ ಅರ್ಧಚಂದ್ರದಾಕಾರದ ಎರಡು ಮೆನಿಸ್ಕಸ್‌ಗಳಿವೆ, ಒಳಗೆ ಕತ್ತರಿಯಂತೆ ಅಡ್ಡಹಾಯುವ ಎರಡು ಅಸ್ಥಿರಜ್ಜುಗಳು, ಅಕ್ಕಪಕ್ಕದಲ್ಲಿ ಇನ್ನೆರಡು. ಇಷ್ಟಿದ್ದೂ ಮಂಡಿಯನ್ನು ಪ್ರತಿ ಕ್ಷಣ ಹಿಡಿದು ನಿಲ್ಲಿಸುವುದು ತೊಡೆಯ ಮುಂಭಾಗದ ನಾಲ್ಕು ತಲೆಯ ದೊಡ್ಡ ಸ್ನಾಯು. ಸಮತಟ್ಟಾದ ನೆಲದ ಮೇಲೆ ನಡೆಯುವಾಗಲೇ ಮಂಡಿಯ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ, ಮೆಟ್ಟಿಲಿಳಿಯುವಾಗ ಅದಕ್ಕೂ ಹೆಚ್ಚು. ಹೆಜ್ಜೆ ನೆಲಕ್ಕೆ ತಾಗುವ ಹೊತ್ತಿಗೆ ತೊಡೆಯ ಸ್ನಾಯು ಬಿಗಿಯಾಗಿ ಆ ಹೊಡೆತವನ್ನು ನುಂಗಿಕೊಳ್ಳಬೇಕು. ಸ್ನಾಯು ಸೊರಗಿದರೆ ಹೊಡೆತ ನೇರವಾಗಿ ಕೀಲಿಗೆ ಹೋಗುತ್ತದೆ. ನಡೆಯುವುದನ್ನು ನಿಲ್ಲಿಸಿದ ಅಮ್ಮನ ಮಂಡಿಗೆ ಆದದ್ದು ಇದೇ.

ಹಾಗೆಂದು ಎಲ್ಲ ಭಾರವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬೀಜಿಂಗ್‌ನ ವಯಸ್ಸಾದವರನ್ನು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದವರೊಂದಿಗೆ ಹೋಲಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಚೀನಾದ ಮಹಿಳೆಯರಲ್ಲಿ ಸೊಂಟದ ಕೀಲಿನ ತೊಂದರೆ ತೀರಾ ಕಡಿಮೆಯಿತ್ತು, ಮಂಡಿಯದು ಮಾತ್ರ ಹೆಚ್ಚಿತ್ತು. ಹರೆಯದಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕರಗಾಲಿನಲ್ಲಿ ಕೂತವರಿಗೆ ಮುಂದೆ ಎಕ್ಸ್‌ರೇಯಲ್ಲಿ ಕಾಣುವ ಮಂಡಿಯ ಕೀಲಿನ ತೊಂದರೆ ಹೆಚ್ಚೆಂದು 2004ರಲ್ಲಿ ಅದೇ ತಂಡ ವರದಿ ಮಾಡಿತು. ದಿನವಿಡೀ ಬಗ್ಗಿ ನಾಟಿ ಮಾಡುವ, ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವ, ಒಂದೇ ಭಂಗಿಯಲ್ಲಿ ಅಡಿಕೆ ಸುಲಿಯುವ ನಮ್ಮ ಹೆಂಗಸರ ಮಂಡಿಯನ್ನು ಈ ಬೆಳಕಿನಲ್ಲಿ ನೋಡಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವುದು, ಎದ್ದು ಕೂರುವುದು ಬೇರೆ. ಗಂಟೆಗಟ್ಟಲೆ ಮಂಡಿಯನ್ನು ಮಡಚಿಟ್ಟು, ಹಿಂಡಿದ ಸ್ಪಂಜಿಗೆ ಹೀರಿಕೊಳ್ಳಲು ಬಿಡುವನ್ನೇ ಕೊಡದಿರುವುದು ಬೇರೆ.

ಆಸ್ಟಿಯೋಆರ್ಥ್ರೈಟಿಸ್ ಎಂದು ವೈದ್ಯರು ಕರೆಯುವ ಈ ಕಾಯಿಲೆಯನ್ನು ಹಿಂದೆ ಮೃದ್ವಸ್ಥಿಯದಷ್ಟೇ ಎಂದು ಭಾವಿಸಲಾಗಿತ್ತು. ಮೃದ್ವಸ್ಥಿ ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲವೆಂದು ಅಂಗರಚನಾ ತಜ್ಞ ವಿಲಿಯಂ ಹಂಟರ್ ಲಂಡನ್ನಿನಲ್ಲಿ 1743ರಷ್ಟು ಹಿಂದೆಯೇ ಬರೆದಿದ್ದ. ಆ ಮಾತನ್ನು ಇವತ್ತಿಗೂ ಪೂರ್ತಿ ಸುಳ್ಳುಮಾಡಲು ಆಗಿಲ್ಲ. ಆದರೆ ಈಗ ತಿಳಿದಿರುವಂತೆ ಇದು ಇಡೀ ಕೀಲಿನ ಕಾಯಿಲೆ. ಪೊರೆಯಲ್ಲಿ ಸಣ್ಣಗೆ ಉರಿಯೂತ ಹೊಗೆಯಾಡುತ್ತಿರುತ್ತದೆ, ಮೃದ್ವಸ್ಥಿಯ ಕೆಳಗಿನ ಮೂಳೆ ಗಡುಸಾಗುತ್ತದೆ, ಅಂಚುಗಳಲ್ಲಿ ಮೂಳೆಯ ಮೊಳೆಗಳು ಹುಟ್ಟುತ್ತವೆ, ಮೆನಿಸ್ಕಸ್ ಹರಿಯುತ್ತದೆ, ಸ್ನಾಯು ಬಡಕಲಾಗುತ್ತದೆ. ಹೊಸ ಮೂಳೆ ಹುಟ್ಟುತ್ತಿದೆ ಎಂಬುದೇ ಇದು ಬರೀ ಸವೆತವಲ್ಲ ಎಂಬುದಕ್ಕೆ ಸಾಕ್ಷಿ: ಕೀಲು ರಿಪೇರಿಗೆ ಹೆಣಗುತ್ತಿದೆ, ರಿಪೇರಿ ಹದತಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ 52.8 ಕೋಟಿ ಜನರಿಗೆ ಈ ಕಾಯಿಲೆಯಿತ್ತು, ಅವರಲ್ಲಿ 36.5 ಕೋಟಿ ಜನರಿಗೆ ಮಂಡಿಯಲ್ಲಿ. ಭಾರತದಲ್ಲಿ 1990ರಲ್ಲಿ ಸುಮಾರು 2.3 ಕೋಟಿಯಿದ್ದ ರೋಗಿಗಳ ಸಂಖ್ಯೆ 2019ರ ಹೊತ್ತಿಗೆ 6.2 ಕೋಟಿಗೆ ಏರಿತೆಂದು ಅಂದಾಜು. ಆಯಸ್ಸು ಹೆಚ್ಚಿರುವುದು ಇದಕ್ಕೆ ಒಂದು ಕಾರಣ, ತೂಕ ಹೆಚ್ಚಿರುವುದು ಇನ್ನೊಂದು.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ 'ವಯಸ್ಸಾಯಿತು, ಸವೆದಿದೆ' ಎಂಬ ಸಿದ್ಧ ಉತ್ತರ ಬೇರೆ ಕಾಯಿಲೆಗಳನ್ನೂ ಮುಚ್ಚಿಹಾಕುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಪೊರೆಯ ಮೇಲೆ ತಿರುಗಿಬೀಳುತ್ತದೆ. ಮೂವತ್ತು ನಲವತ್ತರ ಹೆಂಗಸಿಗೆ ಎರಡೂ ಕೈಗಳ ಬೆರಳ ಗಂಟುಗಳು ಊದಿಕೊಂಡು, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದೆ, ಆ ಬಿಗಿತ ಸಡಿಲವಾಗಲು ಗಂಟೆಗೂ ಮೀರಿ ಹಿಡಿಯುತ್ತಿದ್ದರೆ ಅದನ್ನು ವಾಯುನೋವೆಂದು ಎಣ್ಣೆ ತಿಕ್ಕಿಕೊಂಡು ಕಾಯುವುದು ಅಪಾಯ. ಮೊದಲ ಕೆಲವು ತಿಂಗಳಲ್ಲೇ ಮೆಥೊಟ್ರೆಕ್ಸೇಟ್‌ನಂಥ ಔಷಧ ಶುರುವಾದರೆ ಕೀಲುಗಳನ್ನು ಉಳಿಸಿಕೊಳ್ಳಬಹುದು. ತಡವಾದರೆ ಸೊಟ್ಟಗಾದ ಬೆರಳನ್ನು ನೇರ ಮಾಡುವ ಮಾತ್ರೆಯಿಲ್ಲ. ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವಂಥದ್ದು, ಗೊತ್ತಿಲ್ಲದೆ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ ಎಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿ ಹೊದಿಕೆ ತಾಗಿದರೂ ಚೀರುವಂತಾದರೆ ಅದು ಯೂರಿಕ್ ಆಮ್ಲದ ಹರಳುಗಳಿಂದಾಗುವ ಗೌಟ್. ಜ್ವರದೊಂದಿಗೆ ಒಂದೇ ಕೀಲು ಬಿಸಿಯಾಗಿ ಊದಿದರೆ ಒಳಗೆ ಕೀವಾಗಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸೋಂಕು ಬಿಟ್ಟುಹೋಗುವ ಕೀಲುನೋವನ್ನು ಕರ್ನಾಟಕದಷ್ಟು ದೊಡ್ಡ ಪ್ರಮಾಣದಲ್ಲಿ ಕಂಡ ರಾಜ್ಯ ದೇಶದಲ್ಲಿ ಕಡಿಮೆ. 2006ರಲ್ಲಿ ಚಿಕೂನ್‌ಗುನ್ಯಾ ಮೂರು ದಶಕಗಳ ಬಳಿಕ ಭಾರತಕ್ಕೆ ಮರಳಿದಾಗ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು, ಅವುಗಳಲ್ಲಿ ಸುಮಾರು 7.5 ಲಕ್ಷ ನಮ್ಮ ರಾಜ್ಯದವು. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಹೆಸರಿಗೆ ಬಾಗಿಸುವಂಥದ್ದು ಎಂಬ ಅರ್ಥವಿದೆ. ಆ ವರ್ಷ ಗೋಡೆ ಹಿಡಿದು ನಡೆದವರನ್ನು ನೋಡಿದವರಿಗೆ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಜ್ವರ ವಾರದಲ್ಲಿ ಇಳಿದರೂ ಕೆಲವರಿಗೆ ಕೀಲುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಇನ್ನು ಕೋಲಾರ, ಪಾವಗಡ ಕಡೆಯ ಬಯಲುಸೀಮೆಯಲ್ಲಿ ಆಳದ ಕೊಳವೆಬಾವಿಯ ಫ್ಲೋರೈಡ್ ತುಂಬಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಅಸ್ಥಿರಜ್ಜುಗಳೇ ಸುಣ್ಣಗಟ್ಟಿ ಕೀಲುಗಳು ಮರಗಟ್ಟುತ್ತವೆ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದೆಂದೂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆಂದೂ ಭಾರತೀಯ ಮಾನಕ ಹೇಳುತ್ತದೆ. ಆ ಮಂಡಿಗೆ ಚಿಕಿತ್ಸೆ ಶುರುವಾಗಬೇಕಾದದ್ದು ನೀರಿನ ನಲ್ಲಿಯಿಂದ.

ಮತ್ತೆ ಮಂಡಿಯ ಆಸ್ಟಿಯೋಆರ್ಥ್ರೈಟಿಸ್‌ಗೆ ಬರೋಣ. ಬಂಡಿಯ ಕೀಲಿನ ಚಿತ್ರ ಮನಸ್ಸಿನಲ್ಲಿದ್ದರೆ ಚಿಕಿತ್ಸೆಗಳೂ ಅದಕ್ಕೆ ತಕ್ಕಂತೆ ತೋರುತ್ತವೆ: ಒಳಗಿನ ಕಸ ತೊಳೆ, ಎಣ್ಣೆ ಬಿಡು, ಗೊಬ್ಬರ ಹಾಕು. ಇವುಗಳನ್ನೆಲ್ಲ ಕಟ್ಟುನಿಟ್ಟಾಗಿ ಪರೀಕ್ಷಿಸಲಾಗಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳನ್ನು ಮೂರು ಗುಂಪು ಮಾಡಿ, ಎರಡು ಗುಂಪಿನವರಿಗೆ ದುರ್ಬೀನಿನ ಮೂಲಕ ಮಂಡಿಯನ್ನು ತೊಳೆಯುವ ಅಥವಾ ಕೆರೆಯುವ ಶಸ್ತ್ರಚಿಕಿತ್ಸೆ ಮಾಡಿ, ಮೂರನೆಯವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ ಹೊಲಿಗೆ ಹಾಕಲಾಯಿತು. ಎರಡು ವರ್ಷ ಗಮನಿಸಿದರೂ ಮೂರೂ ಗುಂಪಿನವರ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2002ರಲ್ಲಿ ಪ್ರಕಟವಾದ ಆ ವರದಿ ಶಸ್ತ್ರಚಿಕಿತ್ಸಕರ ಜಗತ್ತನ್ನೇ ಅಲುಗಿಸಿತು. ಮಧ್ಯವಯಸ್ಸಿನವರಲ್ಲಿ ತಾನಾಗಿ ಹರಿದ ಮೆನಿಸ್ಕಸ್ಸನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಫಿನ್ಲೆಂಡಿನ ವೈದ್ಯರು 2013ರಲ್ಲಿ ಕಂಡದ್ದೂ ಇದನ್ನೇ. ನಮ್ಮದೇ ರಕ್ತದಿಂದ ತೆಗೆದು ಮಂಡಿಗೆ ಚುಚ್ಚುವ ಪಿಆರ್‌ಪಿ ಇಂಜೆಕ್ಷನ್ ಇಂದು ಊರೂರಿನಲ್ಲಿ ಸಿಗುತ್ತದೆ; ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದ ಬಳಿಕ ಅದು ಉಪ್ಪುನೀರಿನ ಇಂಜೆಕ್ಷನ್‌ಗಿಂತ ಮೇಲೆನಿಸಲಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವನ್ನು ತಗ್ಗಿಸುವುದು ನಿಜ, ತೀರಾ ಊದಿದ ಮಂಡಿಗೆ ಅದರಿಂದ ಉಪಕಾರವೂ ಇದೆ. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಚುಚ್ಚಿಸಿಕೊಂಡವರಲ್ಲಿ ಮೃದ್ವಸ್ಥಿ ಇನ್ನಷ್ಟು ಕಳೆದುಹೋಯಿತೆಂದು 2017ರ ಅಧ್ಯಯನ ತೋರಿಸಿತು. ಮೃದ್ವಸ್ಥಿಗೆ ಗೊಬ್ಬರವೆಂಬಂತೆ ನುಂಗುವ ಗ್ಲೂಕೋಸಮೈನ್ ಮಾತ್ರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ; 1,583 ಜನರ ಮೇಲಿನ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಅದು ಸಕ್ಕರೆ ಮಾತ್ರೆಯನ್ನು ಮೀರಿಸಲಿಲ್ಲ. ಗ್ರೀಸ್ ಎಂದು ಕರೆಸಿಕೊಳ್ಳುವ ಹಯಲುರೊನಿಕ್ ಆಮ್ಲದ ಇಂಜೆಕ್ಷನ್ನನ್ನು ಕೊಡಬೇಡಿರೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ನೇರವಾಗಿ ಬರೆದಿದೆ.

ಅದೇ ಮಾರ್ಗಸೂಚಿ ಎಲ್ಲರಿಗೂ ಮೊದಲು ಕೊಡಬೇಕೆನ್ನುವುದು ವ್ಯಾಯಾಮವನ್ನು. ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯನ್ನು ಎದುರುಬದುರು ನಿಲ್ಲಿಸಿ 156 ಜನರ ಮೇಲೆ ನಡೆಸಿದ ಹೋಲಿಕೆಯಲ್ಲಿ, 2020ರ ವರದಿಯಂತೆ, ಒಂದು ವರ್ಷದ ಕೊನೆಗೆ ಫಿಸಿಯೋಥೆರಪಿ ಪಡೆದವರ ನೋವು ಮತ್ತು ಅಡಚಣೆ ಕಡಿಮೆಯಿತ್ತು. ತೂಕದ ಲೆಕ್ಕ ಇನ್ನೂ ಸರಳ: ದಪ್ಪಗಿರುವವರು 1 ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕೆಜಿ ಇಳಿಯುತ್ತದೆ. 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೊಜ್ಜು ಮತ್ತು ಮಂಡಿನೋವು ಎರಡೂ ಇದ್ದವರಿಗೆ ಸೆಮಗ್ಲೂಟೈಡ್ ಇಂಜೆಕ್ಷನ್ ಕೊಟ್ಟಾಗ 68 ವಾರಗಳಲ್ಲಿ ತೂಕ ಸರಾಸರಿ ನೂರಕ್ಕೆ 13.7ರಷ್ಟು ಇಳಿದು, ನೋವೂ ಗಮನಾರ್ಹವಾಗಿ ತಗ್ಗಿತು. ಆ ಔಷಧ ಎಲ್ಲರಿಗೂ ಬೇಕೆಂದಲ್ಲ. ಆದರೆ ಮಂಡಿಯನ್ನು ಮುಟ್ಟದೆಯೇ ಮಂಡಿನೋವನ್ನು ಇಳಿಸಬಹುದು ಎಂಬುದು ಅದರಿಂದ ಖಚಿತವಾಯಿತು.

ವ್ಯಾಯಾಮವೆಂದರೆ ಜಿಮ್ ಎಂದು ಅಮ್ಮ ಹೆದರಿದ್ದರು. ಅವರಿಗೆ ಸಿಕ್ಕ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲ ದಿನ ಮಾಡಿಸಿದ್ದು ಒಂದೇ ಕೆಲಸ. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಳ್ಳಲು ಹೇಳಿ, "ಅಜ್ಜಿ, ಈಗ ಏಳಿ" ಎಂದಳು. ಅಮ್ಮನಿಗೆ ಏಳಲಾಗಲಿಲ್ಲ. ಆಕೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿದಳು. ಎತ್ತರ ಹೆಚ್ಚಾದ್ದರಿಂದ ಎದ್ದರು. ನಿಧಾನಕ್ಕೆ, ಮೂರು ಎಣಿಸುತ್ತಾ ಕೂತರು. ದಿನಕ್ಕೆ ಹತ್ತು ಸಲ. ಮೂರು ವಾರಕ್ಕೆ ಒಂದು ದಿಂಬು ತೆಗೆದಳು, ಎರಡು ತಿಂಗಳಿಗೆ ಇನ್ನೊಂದನ್ನು. ನಡುನಡುವೆ ನೋವು ಹೆಚ್ಚಾದ ದಿನಗಳಿದ್ದವು. ವ್ಯಾಯಾಮ ಮಾಡಿದ್ದರಿಂದ ಬಂದ ನೋವು ಮಾರನೆಯ ದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಭಯಪಡಬೇಕಿಲ್ಲ, ಇಳಿಯದಿದ್ದರೆ ಅಂದಿನ ಎಣಿಕೆಯನ್ನು ಅರ್ಧ ಮಾಡಿ ಎಂದು ಆಕೆ ಹೇಳಿಕೊಟ್ಟಿದ್ದ ಅಳತೆಗೋಲನ್ನು ಅಮ್ಮ ಈಗ ತಮ್ಮ ಓರಗೆಯವರಿಗೂ ಹೇಳುತ್ತಾರೆ. ಎಕ್ಸ್‌ರೇಯನ್ನು ಮತ್ತೆ ತೆಗೆಸಿದರೆ ಗ್ಯಾಪ್ ಅಷ್ಟೇ ಇರುತ್ತದೆ, ನನಗೆ ಅನುಮಾನವಿಲ್ಲ. ಅವರು ಮಹಡಿ ಹತ್ತುತ್ತಿದ್ದಾರೆ. ಮಂಡಿ ಕಟಕಟ ಎನ್ನುತ್ತದೆ. ನೋವು, ಊತ ಇಲ್ಲದೆ ಬರುವ ಆ ಸದ್ದು ಅಪಾಯದ ಗುರುತಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನನ್ನ ಮಾತನ್ನು ತಪ್ಪಾಗಿ ತಿಳಿಯಬಾರದು. ಮಂಡಿ ಬದಲಾವಣೆ ಇಪ್ಪತ್ತನೆಯ ಶತಮಾನದ ವೈದ್ಯಕೀಯದ ದೊಡ್ಡ ಸಾಧನೆಗಳಲ್ಲೊಂದು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲಿ ಲೋಹದ ಗುಂಡನ್ನು ಪಾಲಿಥಿಲೀನ್ ಬಟ್ಟಲಿನಲ್ಲಿ ಕೂರಿಸಿ ಸೊಂಟದ ಕೀಲಿಗೆ ತೋರಿಸಿದ ದಾರಿಯಲ್ಲೇ ಮಂಡಿಯ ಕೃತಕ ಕೀಲೂ ರೂಪುಗೊಂಡಿತು. ರಾತ್ರಿ ನಿದ್ದೆಗೆಡಿಸುವ ನೋವಿದ್ದು, ಕಾಲು ಬಾಗಿ, ವ್ಯಾಯಾಮ ಔಷಧಗಳನ್ನು ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ಮನೆಯೊಳಗೆ ಓಡಾಡಲಾಗದವರಿಗೆ ಅದು ಬದುಕನ್ನೇ ಮರಳಿಸುತ್ತದೆ. ಅಂಥವರು ಹೆದರಿ ಮುಂದೂಡುತ್ತಾ ಹೋಗುವುದೂ ತಪ್ಪು. ಆದರೆ ಫಿಲ್ಮಿನಲ್ಲಿ ಗ್ಯಾಪ್ ಇಲ್ಲ ಎಂಬುದೊಂದೇ ಕಾರಣಕ್ಕೆ ಐವತ್ತೆರಡರ ವಯಸ್ಸಿನಲ್ಲಿ ಎರಡೂ ಮಂಡಿಗೆ ದಿನಾಂಕ ಗೊತ್ತುಮಾಡುವುದನ್ನು ಒಪ್ಪಲಾಗದು. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ದಾಖಲೆಗಳಂತೆ ನೂರು ಕೃತಕ ಮಂಡಿಗಳಲ್ಲಿ 82 ಇಪ್ಪತ್ತೈದು ವರ್ಷ ಬಾಳುತ್ತವೆ. ಎಪ್ಪತ್ತರಲ್ಲಿ ಹಾಕಿಸಿಕೊಂಡವರಿಗೆ ಅದು ಜೀವಮಾನಕ್ಕೆ ಸಾಕು. ಐವತ್ತರ ಆಸುಪಾಸಿನ ಗಂಡಸರಲ್ಲಿ ಮೂವರಲ್ಲಿ ಒಬ್ಬರಿಗೆ ಮುಂದೊಂದು ದಿನ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಬ್ರಿಟನ್ನಿನ ಅಂಕಿಅಂಶಗಳು ಸೂಚಿಸುತ್ತವೆ. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆದರೂ ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು.

ಸರ್ಕಾರ ಈ ಕ್ಷೇತ್ರದಲ್ಲಿ ಕೈಹಾಕಿದ್ದು ಬೆಲೆಯ ಕಡೆಯಿಂದ. ಸರಾಸರಿ 1.58 ಲಕ್ಷ ರೂಪಾಯಿಗೆ ಮಾರಾಟವಾಗುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಕೃತಕ ಮಂಡಿಗೆ 2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 54,720 ರೂಪಾಯಿಯ ಮಿತಿ ಹಾಕಿತು; ಟೈಟಾನಿಯಂ ಮತ್ತು ಜಿರ್ಕೋನಿಯಂನದಕ್ಕೆ 76,600. ಇದು ದೊಡ್ಡ ಉಪಕಾರ. ಆದರೆ ಮಿತಿಯಿರುವುದು ಒಳಗೆ ಕೂರಿಸುವ ವಸ್ತುವಿಗೆ ಮಾತ್ರ, ಶಸ್ತ್ರಚಿಕಿತ್ಸಕರ ಶುಲ್ಕ, ಥಿಯೇಟರ್, ಕೊಠಡಿ ಬಾಡಿಗೆಗಳಿಗಲ್ಲ. ಅದಕ್ಕಿಂತ ಆಳದ ತೊಡಕು ಬೇರೆಯಿದೆ. ಆಯುಷ್ಮಾನ್ ಭಾರತ ಯೋಜನೆ 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ತೆರೆದುಕೊಂಡಿದೆ, ಮಂಡಿ ಬದಲಾವಣೆ ಅದರ ಚಿಕಿತ್ಸೆಗಳ ಪಟ್ಟಿಯಲ್ಲಿದೆ. ಆದರೆ ಆ ಯೋಜನೆ ಆಸ್ಪತ್ರೆಗೆ ದಾಖಲಾದವರಿಗಷ್ಟೇ, ಹೊರರೋಗಿಗಳ ಖರ್ಚಿಗಲ್ಲ. ಮೂರು ತಿಂಗಳು ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೋಗುವ ಬಡ ಹೆಂಗಸು ತನ್ನ ಕೈಯಿಂದಲೇ ಹಣ ಕೊಡಬೇಕು, ದಿನಗೂಲಿಯನ್ನೂ ಕಳೆದುಕೊಳ್ಳಬೇಕು. ಮಂಡಿಯನ್ನು ಕತ್ತರಿಸಿ ಬದಲಾಯಿಸಲು ವಿಮೆಯಿದೆ, ಕತ್ತರಿಸದಂತೆ ಉಳಿಸಿಕೊಳ್ಳಲು ಇಲ್ಲ. ತಾಲ್ಲೂಕು ಆಸ್ಪತ್ರೆಯ ಕೆಳಗಿನ ಹಂತದಲ್ಲಿ ವಾರದಲ್ಲಿ ಒಂದು ದಿನವಾದರೂ ಫಿಸಿಯೋಥೆರಪಿಸ್ಟ್ ಕೂರುವಂತಾದರೆ, ಕುರ್ಚಿಯಿಂದ ಏಳುವುದನ್ನು ಆಶಾ ಕಾರ್ಯಕರ್ತೆಯರೇ ಕಲಿಸುವಂತಾದರೆ, ಅದಕ್ಕೆ ತಗಲುವ ಖರ್ಚು ಒಂದು ಕೃತಕ ಮಂಡಿಯ ಬೆಲೆಯ ಮುಂದೆ ಏನೂ ಅಲ್ಲ.

ಇದೆಲ್ಲದರ ನಡುವೆ ಶಸ್ತ್ರಚಿಕಿತ್ಸೆಯ ಅಗತ್ಯ ನಿಜವಾಗಿಯೂ ಇರುವ, ಸವೆತ ಎಂಬ ಮಾತಿಗೆ ಅರ್ಥವೇ ಇಲ್ಲದ ಒಂದು ಜನರ ಗುಂಪು ನಮ್ಮ ಮಲೆನಾಡಿನಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ಮಧ್ಯದಲ್ಲಿ ವಿಚಿತ್ರವಾದ ಕೀಲುರೋಗವೊಂದು ಹೊರಜಗತ್ತಿನ ಕಣ್ಣಿಗೆ ಬಿತ್ತು. ಚನ್ನಂಗಿ ಮತ್ತು ಚಲವಾದಿ ಎಂಬ ದಲಿತ ಸಮುದಾಯಗಳ ಕೂಲಿಕಾರ ಕುಟುಂಬಗಳಲ್ಲಿ ಎಳೆಯರಿಗೂ ಹರೆಯದವರಿಗೂ ಸೊಂಟದ ಕೀಲು ನೋಯಲು ಶುರುವಾಗಿ, ಬೆನ್ನು ಬಾಗಿ, ಕೆಲವರ ಬೆಳವಣಿಗೆಯೇ ಕುಂಠಿತವಾಗಿ, ಕೊನೆಗೆ ಅಂಬೆಗಾಲಿನಲ್ಲಿ ಚಲಿಸುವ ಸ್ಥಿತಿ ಬರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. 1978ರಲ್ಲಿ ಮೊದಲ ವಿವರವಾದ ವರದಿ ಪ್ರಕಟವಾಯಿತು. ಮೊದಮೊದಲು ಸಂಶಯ ಬಿದ್ದದ್ದು ಆ ಜನರ ಊಟದ ಮೇಲೆ: ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ, ಮೀನು ತಿಂದದ್ದರಿಂದ ಹೀಗಾಗಿರಬಹುದೆಂದು. ಮುಂದೆ ವಂಶಾವಳಿಗಳನ್ನು ಬಿಡಿಸಿ ನೋಡಿದಾಗ ಇದು ಮೂಳೆಗಳ ತುದಿ ಸರಿಯಾಗಿ ರೂಪುಗೊಳ್ಳದಿರುವ ವಂಶವಾಹಿ ದೋಷವೆಂದೂ, ಕಾಯಿಲೆಯಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧವೆಂದೂ 1990ರ ದಶಕದ ಹೊತ್ತಿಗೆ ತಿಳಿದುಬಂತು. ಆ ಮಕ್ಕಳ ಮೃದ್ವಸ್ಥಿ ಸವೆದದ್ದಲ್ಲ. ಅದು ಕೂರಬೇಕಾದ ಮೂಳೆಯೇ ಸರಿಯಾಗಿ ಬೆಳೆಯಲಿಲ್ಲ.

ವ್ಯಾಯಾಮ, ತೂಕ ಇಳಿಕೆ ಎಂದು ಮೇಲೆ ಹೇಳಿದ್ದೆಲ್ಲ ಇವರಿಗೆ ಅಷ್ಟಾಗಿ ಒದಗುವುದಿಲ್ಲ. ಸೊಂಟದ ಕೀಲು ಪೂರ್ತಿ ಕೆಟ್ಟ ಮೇಲೆ ಬದಲಾವಣೆಯ ಶಸ್ತ್ರಚಿಕಿತ್ಸೆಯೇ ಉಳಿಯುವ ದಾರಿ. ಅದು ಬೇಕಾಗುವುದು ಎಪ್ಪತ್ತರಲ್ಲಲ್ಲ, ಮೂವತ್ತರ ಆಸುಪಾಸಿನಲ್ಲಿ. ಕೃತಕ ಸೊಂಟದ ಕೀಲುಗಳಲ್ಲಿ ಇಪ್ಪತ್ತೈದು ವರ್ಷ ಬಾಳುವುದು ನೂರಕ್ಕೆ 58. ಅಂದರೆ ಒಬ್ಬ ಕೂಲಿಯಾಳಿಗೆ ಎರಡೂ ಬದಿಗೆ ಶಸ್ತ್ರಚಿಕಿತ್ಸೆ, ಐವತ್ತರ ಹೊತ್ತಿಗೆ ಅದರ ಮರುಶಸ್ತ್ರಚಿಕಿತ್ಸೆ, ನಡುವೆ ಪ್ರತಿ ವರ್ಷ ದೂರದ ದೊಡ್ಡಾಸ್ಪತ್ರೆಗೆ ತಪಾಸಣೆಯ ಪ್ರಯಾಣ, ಜೊತೆಗೆ ಬರುವ ಹೆಂಡತಿಯ ಅಥವಾ ಮಗನ ಅಂದಿನ ಕೂಲಿ.